ಹದಿನೆಂಟನೇ ಮಹಡಿಗೆ ತಿಳಿದದ್ದು ನೆಲಮಹಡಿಗೆ ತಿಳಿಯಲಿಲ್ಲ: ಮುಂಬಯಿ, ಪುಣೆಗಳಲ್ಲಿ ಭೂಕಂಪನದ ಅನುಭವ

2012ರ ಏಪ್ರಿಲ್ 11ರ ಮಧ್ಯಾಹ್ನ ಸುಮಾತ್ರಾ ದ್ವೀಪದ ಪಶ್ಚಿಮಕ್ಕೆ, ಹಿಂದೂ ಮಹಾಸಾಗರದ ತಳದಲ್ಲಿ 8.6 ಪರಿಮಾಣದ ಭೂಕಂಪನ ಸಂಭವಿಸಿತು. ಅಲ್ಲಿಂದ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಎತ್ತರದ ಕಚೇರಿ ಕಟ್ಟಡಗಳ ನೌಕರರು ಮೆಟ್ಟಿಲಿಳಿದು ರಸ್ತೆಗೆ ಬಂದರು. ಅದೇ ಊರಿನ ಒಂದಂತಸ್ತಿನ ಮನೆಗಳಲ್ಲಿದ್ದವರಲ್ಲಿ ಹೆಚ್ಚಿನವರಿಗೆ ವಿಷಯ ತಿಳಿದದ್ದು ಟಿವಿಯಿಂದ. ಮೂರು ದಿನಗಳ ನಂತರ, ಏಪ್ರಿಲ್ 14ರಂದು, ಸಾತಾರಾ ಜಿಲ್ಲೆಯಲ್ಲಿ 4.9 ಪರಿಮಾಣದ ಇನ್ನೊಂದು ಕಂಪನವಾಯಿತು. ಅದು ಪುಣೆಯಲ್ಲಿಯೂ ಮುಂಬಯಿಯ ಹಲವು ಭಾಗಗಳಲ್ಲಿಯೂ ಜನರ ಅನುಭವಕ್ಕೆ ಬಂತು.

ಈ ಎರಡರಲ್ಲಿ ಬಿಡುಗಡೆಯಾದ ಶಕ್ತಿಯನ್ನು ಲೆಕ್ಕ ಹಾಕಿದರೆ ಮೊದಲನೆಯದು ಎರಡನೆಯದಕ್ಕಿಂತ ಸುಮಾರು ಮೂರೂವರೆ ಲಕ್ಷ ಪಟ್ಟು ದೊಡ್ಡದು. ಆದರೂ ಸಾತಾರಾ ಜಿಲ್ಲೆಯ ಕೊಯ್ನಾ ಕಣಿವೆಯ ಹಳ್ಳಿಯವನಿಗೆ ಎರಡನೆಯದೇ ದೊಡ್ಡ ಭೂಕಂಪನ, ಮತ್ತು ಅವನ ಮಟ್ಟಿಗೆ ಅದು ಸುಳ್ಳಲ್ಲ. ನಡುಕ ನಿಂತ ಐದು ನಿಮಿಷದೊಳಗೆ ನಮ್ಮ ಕನ್ನಡ ಸಂಘಗಳ ವಾಟ್ಸಾಪ್ ಗುಂಪುಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಒಂದು, "ನಿಮಗೂ ಗೊತ್ತಾಯ್ತಾ?" ಇನ್ನೊಂದು, "ರಿಕ್ಟರ್ ಎಷ್ಟಂತೆ?" ಎರಡನೆಯ ಪ್ರಶ್ನೆ ವೈಜ್ಞಾನಿಕವೆಂದೂ ಮೊದಲನೆಯದು ಬರೀ ಹರಟೆಯೆಂದೂ ನಾವು ಭಾವಿಸಿದ್ದೇವೆ. ನನ್ನ ಅಭಿಪ್ರಾಯದಲ್ಲಿ ಮುಂಬಯಿ, ಪುಣೆಗಳಂಥ ಊರಿಗೆ ಹೆಚ್ಚು ತಿಳಿವಳಿಕೆ ಕೊಡುವುದು ಮೊದಲನೆಯದೇ. ಯಾರಿಗೆ ಗೊತ್ತಾಯಿತು, ಎಷ್ಟನೇ ಮಹಡಿಯಲ್ಲಿ, ಎಂಥ ನೆಲದ ಮೇಲೆ, ಮಲಗಿದ್ದಾಗಲೋ ನಡೆಯುತ್ತಿದ್ದಾಗಲೋ ಎಂಬುದನ್ನೆಲ್ಲ ಒಟ್ಟುಗೂಡಿಸಿದರೆ ಕಂಪನದ ಸ್ವರೂಪವೂ, ಅದಕ್ಕಿಂತ ಮುಖ್ಯವಾಗಿ ನಮ್ಮ ನೆಲದ ಮತ್ತು ಕಟ್ಟಡಗಳ ಸ್ವರೂಪವೂ ಹೊರಬೀಳುತ್ತದೆ.

ಪರಿಮಾಣವೆಂಬುದು (ಜನ ರಿಕ್ಟರ್ ಎನ್ನುವುದು ಇದನ್ನೇ) ಕಂಪನ ಹುಟ್ಟಿದ ಜಾಗದಲ್ಲಿ ಅದರ ಗಾತ್ರವೆಷ್ಟು ಎಂಬುದರ ಅಳತೆ; ಒಂದು ಕಂಪನಕ್ಕೆ ಒಂದೇ ಪರಿಮಾಣ. ತೀವ್ರತೆಯೆಂಬುದು ಒಂದು ನಿರ್ದಿಷ್ಟ ಊರಿನಲ್ಲಿ ಅದು ಹೇಗೆ ತಟ್ಟಿತೆಂಬುದರ ಅಳತೆ. ಆದ್ದರಿಂದ ಒಂದೇ ಕಂಪನಕ್ಕೆ ನೂರು ಊರುಗಳಲ್ಲಿ ಬೇರೆ ಬೇರೆ ತೀವ್ರತೆಗಳಿರಬಹುದು. ಈ ಎರಡನೆಯ ಅಳತೆಯ ಮಾಪಕದಲ್ಲಿ ಒಂದರಿಂದ ಹನ್ನೆರಡರವರೆಗೆ ಮೆಟ್ಟಿಲುಗಳಿವೆ. ಅದನ್ನು ರೂಪಿಸಿದವರು ಉಪಕರಣಗಳನ್ನು ನೆಚ್ಚದೆ ಮನೆಯೊಳಗಿನ ವಸ್ತುಗಳನ್ನೂ ಮನುಷ್ಯರ ವರ್ತನೆಯನ್ನೂ ನೆಚ್ಚಿದರು. ಮನೆಯೊಳಗೆ ಸುಮ್ಮನೆ ಕುಳಿತ ಕೆಲವರಿಗಷ್ಟೇ ತಿಳಿದರೆ ಮೂರು, ಪಾತ್ರೆಗಳೂ ಬಾಗಿಲುಗಳೂ ಸದ್ದು ಮಾಡಿದರೆ ನಾಲ್ಕು, ಮಲಗಿದವರು ಎಚ್ಚೆತ್ತರೆ ಐದು, ಹೆದರಿ ಹೊರಗೋಡಿದರೆ, ಗಿಲಾವು ಬಿರುಕು ಬಿಟ್ಟರೆ ಆರು. ಮುಂಬಯಿ, ಪುಣೆಗಳ ಈಗಿನ ತಲೆಮಾರಿನವರ ಅನುಭವದ ಬಹುಪಾಲು ಮೂರು ಮತ್ತು ಐದರ ನಡುವೆಯೇ ಇದೆ.

ಈ ಸಣ್ಣ ವ್ಯಾಪ್ತಿಯೊಳಗೂ ಅನುಭವದಲ್ಲಿ ಎರಡು ಜಾತಿಗಳಿವೆ. ಹತ್ತಿರದ, ಆಳ ಕಡಿಮೆಯಿರುವ ಸಣ್ಣ ಕಂಪನದ ಅಲೆಗಳು ಬಿರುಸಾಗಿ, ಸೆಕೆಂಡಿಗೆ ಹಲವು ಸಲ ಅಲುಗುತ್ತವೆ. ಅಡುಗೆಮನೆಯ ಸ್ಟೀಲ್ ರ‍್ಯಾಕಿನಲ್ಲಿ ಓರೆಯಾಗಿ ಜೋಡಿಸಿಟ್ಟ ತಟ್ಟೆಗಳು ಒಂದಕ್ಕೊಂದು ತಾಗಿ ಝಣಗುಟ್ಟುತ್ತವೆ, ಕಿಟಕಿಯ ಗಾಜು ಚೌಕಟ್ಟಿನಲ್ಲಿ ಕಟಕಟ ಎನ್ನುತ್ತದೆ, ಬಾಗಿಲ ಚಿಲಕ ತಾನಾಗಿ ಬಡಿದುಕೊಳ್ಳುತ್ತದೆ. ಎಲ್ಲವೂ ಎರಡು ಮೂರು ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಆದರೆ ಅದೇ ಕೋಣೆಯಲ್ಲಿ ಉದ್ದನೆಯ ಕೊಳವೆಯಿಂದ ತೂಗುತ್ತಿರುವ ಫ್ಯಾನ್ ಅಲುಗುವುದೇ ಇಲ್ಲ. ದೂರದ ದೊಡ್ಡ ಕಂಪನದ ಅಲೆಗಳು ಬರುವ ಹೊತ್ತಿಗೆ ಬಿರುಸಿನ ಅಲುಗಾಟವೆಲ್ಲ ದಾರಿಯ ಬಂಡೆಯಲ್ಲಿ ಕರಗಿ, ನಿಧಾನದ ತೂಗಾಟ ಮಾತ್ರ ಉಳಿದಿರುತ್ತದೆ. ಆಗ ತಟ್ಟೆಗಳು ಮೌನವಾಗಿರುತ್ತವೆ. ಫ್ಯಾನ್ ಒಂದು ದಿಕ್ಕಿಗೆ ವಾಲಿ ಇನ್ನೊಂದು ದಿಕ್ಕಿಗೆ ಮರಳುತ್ತದೆ, ಮಾಳಿಗೆಯ ಟ್ಯಾಂಕಿನಲ್ಲಿ ನೀರು ಅಂಚಿನಿಂದ ಅಂಚಿಗೆ ಹೊಯ್ದಾಡುತ್ತದೆ, ಸೋಫಾದಲ್ಲಿ ಕುಳಿತವರು ತಮಗೇ ತಲೆಸುತ್ತು ಬಂತೇನೋ ಎಂದು ರಕ್ತದೊತ್ತಡದ ಮಾತ್ರೆಯನ್ನು ನೆನೆಯುತ್ತಾರೆ. ಸದ್ದು ಮಾಡಿದ್ದು ಯಾವುದು, ತೂಗಿದ್ದು ಯಾವುದು ಎಂದು ಗಮನಿಸಿದವರು ಯಾವ ಅಧಿಕೃತ ಪ್ರಕಟಣೆಗೂ ಕಾಯದೆ, ಕಂಪನ ಹತ್ತಿರದ ಪಾಲ್ಘರದ ಕಡೆಯದೋ ದೂರದ ಗುಜರಾತಿನ ಕಛ್‌ನ ಕಡೆಯದೋ ಎಂಬುದನ್ನು ಒರಟಾಗಿಯಾದರೂ ಊಹಿಸಬಹುದು.

ಮಹಡಿಯ ಪಾತ್ರ ಇಲ್ಲಿಂದಲೇ ಆರಂಭವಾಗುತ್ತದೆ. ಪ್ರತಿ ಕಟ್ಟಡಕ್ಕೂ ತನ್ನದೇ ಆದ ತೂಗಾಟದ ಅವಧಿಯೊಂದಿರುತ್ತದೆ. ಎಂಜಿನಿಯರುಗಳು ಅಂದಾಜಿಗೆ ಮಹಡಿಯೊಂದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಎಂದು ಹಿಡಿಯುತ್ತಾರೆ. ಅಂದರೆ ನಾಲ್ಕು ಮಹಡಿಯ ಹಳೆಯ ಸೊಸೈಟಿಯ ಕಟ್ಟಡಕ್ಕೆ ಅರ್ಧ ಸೆಕೆಂಡಿಗೂ ಕಡಿಮೆ, ಮೂವತ್ತು ಮಹಡಿಯ ಟವರಿಗೆ ಮೂರು ಸೆಕೆಂಡಿನಷ್ಟು. ಬಂದ ಅಲೆಯ ಅವಧಿ ಕಟ್ಟಡದ ಅವಧಿಗೆ ಹೊಂದಿಕೊಂಡಾಗ ತೂಗಾಟ ಬೆಳೆಯುತ್ತದೆ, ಇಲ್ಲದಿದ್ದರೆ ತಣ್ಣಗಾಗುತ್ತದೆ. ಹೀಗಾಗಿ ದೂರದ ದೊಡ್ಡ ಕಂಪನ ಎತ್ತರದವರನ್ನು ಆರಿಸಿಕೊಳ್ಳುತ್ತದೆ, ಹತ್ತಿರದ ಸಣ್ಣ ಕಂಪನ ಕಡಿಮೆ ಎತ್ತರದ ಮನೆಗಳನ್ನು ಹೆಚ್ಚು ಸತಾಯಿಸುತ್ತದೆ. 2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಯಾಚೆ 9.0 ಪರಿಮಾಣದ ಕಂಪನವಾದಾಗ ಏಳುನೂರು ಕಿಲೋಮೀಟರಿಗೂ ಹೆಚ್ಚು ದೂರದ ಒಸಾಕಾದಲ್ಲಿ 55 ಮಹಡಿಯ ಸರ್ಕಾರಿ ಕಟ್ಟಡವೊಂದು ನಿಮಿಷಗಟ್ಟಲೆ ತೂಗಿತು. ಅದರ ಒಳಗೋಡೆಗಳೂ ಚಾವಣಿಯ ಫಲಕಗಳೂ ಹಾಳಾದವು, ಲಿಫ್ಟುಗಳು ಕೆಟ್ಟು ಜನ ಒಳಗೆ ಸಿಕ್ಕಿಹಾಕಿಕೊಂಡರು. ಅದೇ ಊರಿನ ಬೀದಿಗಳಲ್ಲಿ ನಡುಕ ಅಷ್ಟೇನೂ ಗಂಭೀರವಾಗಿರಲಿಲ್ಲ.

ಕಟ್ಟಡದ ಕೆಳಗಿನ ನೆಲದ್ದು ಇನ್ನೊಂದು ಲೆಕ್ಕ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋದ ಪೆಸಿಫಿಕ್ ಕರಾವಳಿಯಲ್ಲಿ ಹುಟ್ಟಿದ ಕಂಪನ ಕರಾವಳಿಯ ಗಟ್ಟಿ ಬಂಡೆಯ ಮೇಲಿನ ಕೆಲವು ಊರುಗಳಿಗಿಂತ ಹೆಚ್ಚಿನ ಹಾನಿಯನ್ನು ಸುಮಾರು 350 ಕಿಲೋಮೀಟರ್ ದೂರದ ಮೆಕ್ಸಿಕೋ ನಗರಕ್ಕೆ ಮಾಡಿತು. ಏಕೆಂದರೆ ಆ ನಗರದ ಒಂದು ಭಾಗ ಹಳೆಯ ಕೆರೆಯ ತಳದ ಕೆಸರುಮಣ್ಣಿನ ಮೇಲಿದೆ. ಆ ಮಣ್ಣು ಎರಡು ಸೆಕೆಂಡಿನ ಅಲೆಯನ್ನು ಹಲವು ಪಟ್ಟು ಹಿಗ್ಗಿಸಿತು, ಅಷ್ಟೇ ಅವಧಿಗೆ ತೂಗುವ ಮಧ್ಯಮ ಎತ್ತರದ ಕಟ್ಟಡಗಳನ್ನು ಆರಿಸಿ ಕೆಡವಿತು. ಮುಂಬಯಿಯ ಭೂಪಟವನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಏಳು ದ್ವೀಪಗಳ ನಡುವಿನ ತಗ್ಗನ್ನು ತುಂಬಿ ಕಟ್ಟಿದ ಊರು ಇದು. ಮಲಬಾರ್ ಹಿಲ್‌ನ ಕಪ್ಪುಕಲ್ಲಿನ ಮೇಲೆ ನಿಂತ ಮನೆಗೂ, ಮಾಹಿಮ್ ಖಾಡಿಯ ಕೆಸರನ್ನು ತುಂಬಿ ಎದ್ದ ಕಟ್ಟಡಕ್ಕೂ ಪಿನ್‌ಕೋಡಿನಲ್ಲಿ ಸ್ವಲ್ಪವೇ ವ್ಯತ್ಯಾಸವಿರಬಹುದು, ನೆಲದಲ್ಲಿ ಅಜಗಜಾಂತರವಿದೆ. ಪುಣೆಯ ಹೆಚ್ಚಿನ ಭಾಗಗಳಲ್ಲಿ ತೆಳುವಾದ ಕರಿಮಣ್ಣಿನ ಅಡಿಯಲ್ಲೇ ಬಂಡೆ ಸಿಗುವುದರಿಂದ ಅಲ್ಲಿ ಈ ಸಮಸ್ಯೆ ಅಷ್ಟು ತೀವ್ರವಲ್ಲ.

ಇದಕ್ಕೆ ಮುಂಬಯಿಯದೇ ಆದ ಒಂದು ತೊಡಕೂ ಸೇರಿದೆ. ರೈಲು ಹಳಿಯ ಪಕ್ಕದ ಚಾಳಿನಲ್ಲಿ ನಾಲ್ಕು ನಿಮಿಷಕ್ಕೊಮ್ಮೆ ಗೋಡೆ ನಡುಗುತ್ತದೆ. ಮೆಟ್ರೋ ಕಾಮಗಾರಿಯ ಕಂಬ ಇಳಿಸುವ ಯಂತ್ರ, ಹೆದ್ದಾರಿಯ ಲಾರಿ, ಪಕ್ಕದ ಪ್ಲಾಟಿನ ಪಾಯದ ಅಗೆತಗಳೆಲ್ಲ ಸೇರಿ ನಗರವಾಸಿಯ ದೇಹ ಸಣ್ಣ ನಡುಕಗಳಿಗೆ ಒಗ್ಗಿಹೋಗಿದೆ. ತೀವ್ರತೆ ಮೂರರ ಕಂಪನ ಹಗಲಿನಲ್ಲಿ ಕುರ್ಲಾದಲ್ಲಿ ಯಾರ ಗಮನಕ್ಕೂ ಬರಲಿಕ್ಕಿಲ್ಲ. ಅದೇ ಕಂಪನ ರಾತ್ರಿ ಎರಡು ಗಂಟೆಗೆ, ಕೊನೆಯ ಲೋಕಲ್ ಹೋದ ಮೇಲೆ, ಚಾಪೆಯ ಮೇಲೆ ಮಲಗಿದವರಿಗೆ ಬೆನ್ನಿಗೆ ಗುದ್ದಿದಂತೆ ತಿಳಿಯುತ್ತದೆ. "ಭೂಕಂಪನ ರಾತ್ರಿಯೇ ಹೆಚ್ಚು" ಎಂಬ ನಂಬಿಕೆಗೆ ಮೂಲ ಇದೇ ಇರಬೇಕು. ಭೂಮಿಗೆ ಹಗಲು ರಾತ್ರಿಗಳ ಭೇದವಿಲ್ಲ, ಕೇಳಿಸಿಕೊಳ್ಳುವ ನಮಗಿದೆ.

ಇನ್ನು ಸಾತಾರಾದ 4.9ರಂಥ ಮಧ್ಯಮ ಕಂಪನ ಇನ್ನೂರು ಕಿಲೋಮೀಟರ್ ದಾಟಿ ಮುಂಬಯಿಯವರೆಗೆ ಬಂದದ್ದು ಹೇಗೆ? ದಕ್ಷಿಣ ಪ್ರಸ್ಥಭೂಮಿಯ ಹೊರಪದರ ಬಹಳ ಹಳೆಯದು, ತಣ್ಣಗಾದದ್ದು, ಗಡುಸಾದದ್ದು. ಬಿರುಕಿಲ್ಲದ ಕಂಚಿನ ಗಂಟೆಯ ನಾದ ದೂರ ಹೋಗುವಂತೆ ಇಂಥ ಬಂಡೆಯಲ್ಲಿ ಅಲೆ ಹೆಚ್ಚು ಶಕ್ತಿ ಕಳೆದುಕೊಳ್ಳದೆ ಸಾಗುತ್ತದೆ. ಅಮೆರಿಕದಲ್ಲಿ ಈ ಭೇದ ಒಂದೇ ದೇಶದೊಳಗೆ ಕಾಣುತ್ತದೆ: 2011ರಲ್ಲಿ ಪೂರ್ವ ಭಾಗದ ವರ್ಜೀನಿಯಾದಲ್ಲಿ ಆದ 5.8ರ ಕಂಪನ ದಕ್ಷಿಣದ ಜಾರ್ಜಿಯಾದಿಂದ ಉತ್ತರದ ಕೆನಡಾದವರೆಗೆ ಜನರಿಗೆ ತಿಳಿಯಿತು. ಬಿರುಕುಗಳಿಂದ ಜರ್ಜರಿತವಾದ ಕ್ಯಾಲಿಫೋರ್ನಿಯಾದಲ್ಲಿ ಅದೇ ಗಾತ್ರದ ಕಂಪನ ಅದರ ಸಣ್ಣ ಪಾಲು ಪ್ರದೇಶಕ್ಕಷ್ಟೇ ಸೀಮಿತವಾಗಿರುತ್ತದೆ. ಹಿಮಾಲಯದ ತಪ್ಪಲಿಗೆ ಹೋಲಿಸಿದರೆ ನಮ್ಮಲ್ಲಿ ಕಂಪನಗಳು ವಿರಳ. ಆದರೆ ಬಂದಾಗ ಅನುಭವಿಸುವವರ ಸಂಖ್ಯೆ ದೊಡ್ಡದು. ಕೊಯ್ನಾದ ನೆಲ ನಡುಗಿದರೆ ಬೆಳಗಾವಿಗೂ ಗೋವೆಗೂ ಸುದ್ದಿ ಮುಟ್ಟುವುದು ಈ ಕಾರಣದಿಂದ.

ಕೊಯ್ನಾದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಪಶ್ಚಿಮ ಮಹಾರಾಷ್ಟ್ರದಲ್ಲಿ ಅನುಭವಕ್ಕೆ ಬರುವ ಕಂಪನಗಳಲ್ಲಿ ದೊಡ್ಡ ಪಾಲು ಅಲ್ಲಿಯದೇ. 103 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ 1962ರಲ್ಲಿ ಶಿವಾಜಿಸಾಗರ ಜಲಾಶಯದಲ್ಲಿ ನೀರು ನಿಲ್ಲತೊಡಗಿತು. ಬೆನ್ನಿಗೇ ಸುತ್ತಲಿನ ಹಳ್ಳಿಗಳಲ್ಲಿ ಸಣ್ಣ ನಡುಕಗಳೂ ನೆಲದೊಳಗಿನ ಗುಡುಗೂ ಕೇಳತೊಡಗಿದವು. 1967ರ ಡಿಸೆಂಬರ್ 11ರ ಬೆಳಗಿನ ಜಾವ 4 ಗಂಟೆ 21 ನಿಮಿಷಕ್ಕೆ 6.3 ಪರಿಮಾಣದ ಕಂಪನವಾಗಿ ಸುಮಾರು ಇನ್ನೂರು ಜನ ಸತ್ತರು, ಕೊಯ್ನಾನಗರದ ಮನೆಗಳು ಉರುಳಿದವು, ಅಣೆಕಟ್ಟಿನ ಮೇಲ್ಭಾಗದಲ್ಲಿ ಬಿರುಕು ಬಿಟ್ಟಿತು. ಜಲವಿದ್ಯುತ್ ಕೇಂದ್ರ ನಿಂತುಹೋದದ್ದರಿಂದ ಮುಂಬಯಿಯ ಕಾರ್ಖಾನೆಗಳಿಗೆ ವಿದ್ಯುತ್ ಕಡಿತವಾಯಿತು. ಆ ಬೆಳಗ್ಗೆ ನಡುಕ ಗೊತ್ತಾಗದವರಿಗೂ ಭೂಕಂಪನ ಹೀಗೆ ಮನೆ ತಲುಪಿತು. ಜಲಾಶಯದಿಂದ ಪ್ರಚೋದಿತವಾದ ಕಂಪನಗಳಲ್ಲಿ ಇದು ಜಗತ್ತಿನಲ್ಲೇ ದೊಡ್ಡದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ.

ಆಶ್ಚರ್ಯವೆಂದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಐದಕ್ಕಿಂತ ಹೆಚ್ಚಿನ ಪರಿಮಾಣದ ಇಪ್ಪತ್ತಕ್ಕೂ ಹೆಚ್ಚು ಕಂಪನಗಳೂ, ನಾಲ್ಕಕ್ಕಿಂತ ಹೆಚ್ಚಿನ ಸುಮಾರು ಇನ್ನೂರೂ, ಲೆಕ್ಕವಿಲ್ಲದಷ್ಟು ಸಣ್ಣವೂ ಅರ್ಧ ಶತಮಾನದಿಂದ ಹೆಚ್ಚುಕಡಿಮೆ 30 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ಅಗಲದ ಒಂದೇ ಪಟ್ಟಿಯೊಳಗೆ ನಡೆಯುತ್ತಿವೆ. ಈ ಪಟ್ಟಿಯ ದಕ್ಷಿಣ ತುದಿಯಲ್ಲಿ ವಾರಣಾ ಜಲಾಶಯ 1980ರ ದಶಕದ ನಡುವಿನಲ್ಲಿ ತುಂಬತೊಡಗಿದ ಮೇಲೆ ಚಟುವಟಿಕೆಯೂ ಆ ಕಡೆಗೆ ಚಾಚಿಕೊಂಡಿತು. ಹೆಚ್ಚಿನ ಕಂಪನಗಳ ಆಳ ಹತ್ತು ಕಿಲೋಮೀಟರಿನೊಳಗೆ. ಭೂವಿಜ್ಞಾನಿ ಹರ್ಷ ಗುಪ್ತಾ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ಗಮನಿಸಿ ಹೇಳಿದ್ದೇನೆಂದರೆ, ನೀರು ಎಷ್ಟು ವೇಗವಾಗಿ ಏರಿತು, ಎಷ್ಟು ಎತ್ತರ ಮುಟ್ಟಿತು, ಆ ಎತ್ತರದಲ್ಲಿ ಎಷ್ಟು ಕಾಲ ನಿಂತಿತು, ಹಿಂದಿನ ಗರಿಷ್ಠ ಮಟ್ಟವನ್ನು ಮೀರಿತೇ ಎಂಬುದರ ಮೇಲೆ ಕಂಪನಗಳ ಏರಿಳಿತ ನಿಂತಿದೆ. ಅಂದರೆ ಇಲ್ಲಿನ ಕಂಪನಗಳಿಗೆ ಒಂದು ಪಂಚಾಂಗವೇ ಇದೆ: ಮಳೆಗಾಲದಲ್ಲಿ ಜಲಾಶಯ ತುಂಬಿದ ಬೆನ್ನಿಗೆ ಸೆಪ್ಟೆಂಬರ್ ಹೊತ್ತಿಗೊಂದು ಏರಿಕೆ, ನೀರು ಇಳಿಯತೊಡಗಿದಾಗ ಡಿಸೆಂಬರಿನಿಂದ ಮಾರ್ಚ್ ನಡುವೆ ಇನ್ನೊಂದು.

ಇದರ ಅರ್ಥ ನೀರಿನ ಭಾರವೊಂದೇ ನೆಲವನ್ನು ಒಡೆಯುತ್ತದೆಂದಲ್ಲ. ಭಾರತವನ್ನು ಹೊತ್ತ ಭೂಹೊರಪದರದ ಫಲಕ ಉತ್ತರಕ್ಕೆ ತಳ್ಳಲ್ಪಡುತ್ತಿರುವುದರಿಂದ ಬಂಡೆಯಲ್ಲಿ ಒತ್ತಡ ಮೊದಲೇ ತುಂಬಿಕೊಂಡಿರುತ್ತದೆ. ಹಳೆಯ ಬಿರುಕಿನೊಳಗೆ ಇಳಿದ ನೀರು ಎರಡು ಬದಿಗಳನ್ನು ಹಿಡಿದಿಟ್ಟ ಘರ್ಷಣೆಯನ್ನು ಸಡಿಲಿಸುತ್ತದೆ. ಅಣೆಕಟ್ಟು ಕಟ್ಟಿದವರನ್ನು ಬೈಯುವುದು ಸುಲಭ. ಆದರೆ ದೇಶದ ಸಾವಿರಾರು ಜಲಾಶಯಗಳಲ್ಲಿ ಇಂಥ ಕಂಪನ ಹುಟ್ಟಿಸಿದವು ಕೆಲವೇ ಎಂಬುದನ್ನೂ ನೆನಪಿಡಬೇಕು. ಆ ಕೆಲವುಗಳಲ್ಲೊಂದು ಮುಂಬಯಿಯವರ ನಲ್ಲಿಗೇ ಸಂಬಂಧಿಸಿದ್ದು. ಠಾಣೆ ಜಿಲ್ಲೆಯ ಭಾತ್ಸಾ ಜಲಾಶಯದ ಸುತ್ತ 1983ರಲ್ಲಿ ಸರಣಿ ಕಂಪನಗಳಾಗಿ, ಅವುಗಳಲ್ಲಿ ದೊಡ್ಡದು ಐದರ ಸಮೀಪಕ್ಕೆ ಹೋಗಿತ್ತು. ಕೊಯ್ನಾದಲ್ಲಿ ಈಗ ನೇರ ಪರೀಕ್ಷೆಯೂ ನಡೆದಿದೆ: ಕೇಂದ್ರ ಭೂವಿಜ್ಞಾನ ಸಚಿವಾಲಯದ ಅಡಿಯಲ್ಲಿ ಕರಾಡದಲ್ಲಿರುವ ಪ್ರಯೋಗಾಲಯದವರು 2017ರಲ್ಲಿ ಮೂರು ಕಿಲೋಮೀಟರ್ ಆಳದ ಬಾವಿ ಕೊರೆದು, ಲಾವಾ ಪದರಗಳನ್ನು ದಾಟಿ ಅಡಿಯ ಗ್ರಾನೈಟ್ ಬಂಡೆಯನ್ನು ತಲುಪಿದ್ದಾರೆ.

ಪಾಲ್ಘರ್ ಜಿಲ್ಲೆಯ ಕಥೆ ಬೇರೆ. 2018ರ ನವೆಂಬರಿನಿಂದ ಡಹಾಣು, ತಲಾಸರಿ ತಾಲೂಕುಗಳಲ್ಲಿ, ವಿಶೇಷವಾಗಿ ಧುಂದಲವಾಡಿಯ ಸುತ್ತ, ಸಾವಿರಾರು ಸಣ್ಣ ಕಂಪನಗಳು ದಾಖಲಾದವು. ಅಲ್ಲಿ ಕೊಯ್ನಾದಂಥ ದೊಡ್ಡ ಜಲಾಶಯವಿರಲಿಲ್ಲ, ಮುಂಚಿನ ದೊಡ್ಡ ಕಂಪನವೂ ಇರಲಿಲ್ಲ. ಒಂದು ಮುಖ್ಯ ಹೊಡೆತ, ಅದರ ಬೆನ್ನಿಗೆ ಕ್ರಮೇಣ ಇಳಿಯುವ ಕಿರುನಡುಕಗಳು ಎಂಬ ಪರಿಚಿತ ಕ್ರಮವನ್ನು ಬಿಟ್ಟು, ಏರುತ್ತ ಇಳಿಯುತ್ತ ತಿಂಗಳುಗಟ್ಟಲೆ ಮುಂದುವರಿಯಿತು. ಇಂಥದಕ್ಕೆ ಸಮೂಹ ಕಂಪನವೆನ್ನುತ್ತಾರೆ. ಪರಿಮಾಣ ನಾಲ್ಕನ್ನು ದಾಟಿದ್ದು ಕೆಲವೇ ಸಲ. ಆದರೂ 2019ರ ಫೆಬ್ರವರಿಯಲ್ಲಿ ನಡುಕಕ್ಕೆ ಹೆದರಿ ಓಡುವಾಗ ಬಿದ್ದು ಒಂದು ಪುಟ್ಟ ಮಗು ಸತ್ತಿತು, ಜನ ಡೇರೆಗಳಲ್ಲಿ ಮಲಗಿದರು, ಶಾಲೆಗಳು ಬಯಲಿನಲ್ಲಿ ನಡೆದವು. ಪತ್ರಿಕೆಗಳು ಇದನ್ನು "ಸಣ್ಣ ಕಂಪನ" ಎಂದು ಬರೆದದ್ದು ಸಂಖ್ಯೆಯ ದೃಷ್ಟಿಯಿಂದ ಸರಿ. ಒಂದೇ ರಾತ್ರಿಯಲ್ಲಿ ಹಲವು ಸಲ ಕಾಲಡಿಯಲ್ಲಿ ಸಿಡಿತದ ಸದ್ದು ಕೇಳಿದವರಿಗೆ ಆ ಸಂಖ್ಯೆಯಿಂದ ಸಮಾಧಾನವಾಗುವುದಿಲ್ಲ. ಆಳ ಕಡಿಮೆಯಿದ್ದು ಬಂಡೆ ಗಟ್ಟಿಯಿದ್ದರೆ ಕಂಪನದ ಬಿರುಸಿನ ಅಲೆಗಳು ನೆಲದಿಂದ ಗಾಳಿಗೆ ದಾಟಿ ಕಿವಿಗೇ ಕೇಳಿಸುತ್ತವೆ. ಕಲಬುರಗಿ ಜಿಲ್ಲೆಯ ಗಡಿಕೇಶ್ವರದಲ್ಲಿ, ವಿಜಯಪುರದ ಹಳ್ಳಿಗಳಲ್ಲಿ 2021ರ ಮಳೆಗಾಲದ ಕೊನೆಯಲ್ಲಿ ಜನ ಹೇಳಿದ್ದೂ ಇದೇ ಸದ್ದಿನ ಬಗ್ಗೆ. ಆ ದಿನಗಳಲ್ಲಿ ಊರಿನಿಂದ ಪುಣೆಗೆ, ಭಿವಂಡಿಗೆ ಬರುತ್ತಿದ್ದ ಫೋನುಗಳಲ್ಲಿ "ನೆಲಾ ಗುಡುಗ್ತದ" ಎಂಬ ದೂರೇ ಮೊದಲು.

ಸಮೂಹ ಕಂಪನ ನಡೆಯುವಲ್ಲೆಲ್ಲ ಜನ ಕೇಳುವ ಪ್ರಶ್ನೆ ಒಂದೇ: ಇದು ದೊಡ್ಡದರ ಮುನ್ಸೂಚನೆಯೇ? ಲಾತೂರು ಜಿಲ್ಲೆಯ ಕಿಲ್ಲಾರಿಯ ನೆನಪಿರುವ ಸೀಮೆಯಲ್ಲಿ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1992ರ ಮಳೆಗಾಲದ ನಂತರ ಕಿಲ್ಲಾರಿಯ ಸುತ್ತ ಸಣ್ಣ ಕಂಪನಗಳ ಸರಣಿಯೊಂದು ಜನರನ್ನು ಹೆದರಿಸಿ, ಕೆಲ ತಿಂಗಳುಗಳಲ್ಲಿ ತಣ್ಣಗಾಗಿತ್ತು. ಮರುವರ್ಷ, 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, 6.2 ಪರಿಮಾಣದ ಕಂಪನದಲ್ಲಿ ಲಾತೂರು ಮತ್ತು ಆಗಿನ ಉಸ್ಮಾನಾಬಾದ್ ಜಿಲ್ಲೆಗಳ ಹತ್ತು ಸಾವಿರದಷ್ಟು ಜನ ಸತ್ತರು. ಆಗಿನ ಅಧಿಕೃತ ನಕ್ಷೆಯಲ್ಲಿ ಆ ಪ್ರದೇಶ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಿದರು. ಮುಂಬಯಿ, ಪುಣೆ, ಗೋವಾಗಳು ಮೂರನೇ ವಲಯದಲ್ಲಿಯೂ ಕೊಯ್ನಾ ನಾಲ್ಕನೆಯದರಲ್ಲಿಯೂ ಬಂದವು.

ಜಪಾನಿನ ನೋಟೋ ಪರ್ಯಾಯದ್ವೀಪದಲ್ಲಿಯೂ 2020ರ ಕೊನೆಯಿಂದ ಸಮೂಹ ಕಂಪನಗಳಾಗುತ್ತಿದ್ದು, 2023ರ ಮೇ ತಿಂಗಳಲ್ಲಿ 6.5ರದೂ 2024ರ ಜನವರಿ 1ರಂದು 7.6ರದೂ ಬಂದವು. ಆದರೆ ಇದೇ ತರ್ಕವನ್ನು ಪಾಲ್ಘರಕ್ಕೆ ಅನ್ವಯಿಸಿ ಟಿವಿಯಲ್ಲಿ ದಿನಾಂಕ ಹೇಳುವವರನ್ನು ನಂಬುವುದು ಮೂರ್ಖತನ. ಜಗತ್ತಿನಲ್ಲಿ ಆಗುವ ಸಮೂಹ ಕಂಪನಗಳಲ್ಲಿ ಬಹುಪಾಲು ದೊಡ್ಡದೇನೂ ಆಗದೆ ಸವೆದುಹೋಗುತ್ತವೆ. ಯಾವುದು ಸವೆಯುತ್ತದೆ, ಯಾವುದು ಸಿಡಿಯುತ್ತದೆ ಎಂದು ಮೊದಲೇ ಹೇಳುವ ವಿಧಾನ ಇಂದು ಯಾವ ದೇಶದಲ್ಲಿಯೂ ಇಲ್ಲ. ಹೇಳಲು ಸಾಧ್ಯವಿರುವುದು ಇನ್ನೊಂದು: ಅಲ್ಲಿನ ಗೋಡೆ ಎಂಥದು ಎಂಬುದು.

ಕಿಲ್ಲಾರಿಯ ಗೋಡೆಯನ್ನು ಉತ್ತರ ಕರ್ನಾಟಕದವರು ತಮ್ಮ ಮನೆಯ ಗೋಡೆಯೆಂದೇ ಗುರುತಿಸಬಹುದು. ಎರಡಡಿ, ಮೂರಡಿ ದಪ್ಪದ ಗೋಡೆ. ಹೊರಮೈಗೊಂದು, ಒಳಮೈಗೊಂದು ಕಾಡುಗಲ್ಲಿನ ಸಾಲು, ನಡುವೆ ಪುಡಿಗಲ್ಲು ಮತ್ತು ಮಣ್ಣು. ಎರಡು ಸಾಲುಗಳನ್ನು ಅಡ್ಡಕ್ಕೆ ಹಿಡಿದಿಡುವ ಉದ್ದನೆಯ ಕಲ್ಲುಗಳಿಲ್ಲ. ಮೇಲೆ ಮರದ ತೊಲೆ, ಹಲಗೆ, ಅದರ ಮೇಲೆ ಬೇಸಿಗೆಯ ಬಿಸಿಲು ತಡೆಯಲೆಂದು ವರ್ಷವರ್ಷವೂ ಹಾಕುತ್ತ ಬಂದ ಮಣ್ಣಿನ ಮಾಳಿಗೆ. ಬಿಸಿಲಿಗೆ ಇದರಷ್ಟು ತಂಪಾದ ಮನೆ ಇಲ್ಲ. ನೆಲ ಅಡ್ಡಕ್ಕೆ ಅಲುಗಿದಾಗ ಮಾತ್ರ ಗೋಡೆಯ ಎರಡು ಮೈಗಳು ಬೇರ್ಪಟ್ಟು ಒಂದು ಒಳಕ್ಕೂ ಇನ್ನೊಂದು ಹೊರಕ್ಕೂ ಬಿರಿಯುತ್ತವೆ, ಮಣ್ಣಿನ ರಾಶಿ ಮಲಗಿದವರ ಮೇಲೆ ಕುಸಿಯುತ್ತದೆ. ಮಾಳಿಗೆಯ ಭಾರವನ್ನು ಗೋಡೆಗೆ ಬಿಡದೆ ಒಳಗಿನ ಮರದ ಕಂಬಗಳ ಮೇಲೆ ನಿಲ್ಲಿಸಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಚಾವಣಿ ನಿಂತು ಜೀವ ಉಳಿದದ್ದುಂಟು. 6.2 ಎಂಬ ಅಂಕಿಯಲ್ಲಿ ಹತ್ತು ಸಾವಿರ ಸಾವುಗಳ ವಿವರಣೆಯಿಲ್ಲ, ಅದಿರುವುದು ಈ ಗೋಡೆಯಲ್ಲಿ ಮತ್ತು ಆ ಹೊತ್ತಿನಲ್ಲಿ.

ಈಚೆಗೆ ಕಂಪನಗಳು ಹೆಚ್ಚಾಗಿವೆಯೇ ಎಂಬ ಸಂಶಯಕ್ಕೆ ಚಿಕ್ಕ ಉತ್ತರ ಸಾಕು. ಜಾಗತಿಕವಾಗಿ ಏಳಕ್ಕಿಂತ ಹೆಚ್ಚಿನ ಪರಿಮಾಣದವು ವರ್ಷಕ್ಕೆ ಸರಾಸರಿ ಹದಿನೈದರ ಆಸುಪಾಸು. ಈ ಸರಾಸರಿಯಲ್ಲಿ ನಿರಂತರ ಏರಿಕೆಯೇನೂ ಕಂಡಿಲ್ಲ. ಹೆಚ್ಚಾಗಿರುವುದು ಅಳೆಯುವ ಉಪಕರಣಗಳು ಮತ್ತು ಹೇಳುವ ಬಾಯಿಗಳು. ಹಿಂದೆ ಬಾಯಿಗಳು ಕಡಿಮೆಯಿದ್ದಾಗ ತಪ್ಪು ಇನ್ನೊಂದು ದಿಕ್ಕಿನಲ್ಲಾಗುತ್ತಿತ್ತು. ಹಳೆಯ ಪಟ್ಟಿಗಳಲ್ಲಿ 1618ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಎರಡು ಸಾವಿರ ಜನರನ್ನು ಕೊಂದ ಭೂಕಂಪನವೊಂದು ದಾಖಲಾಗಿದೆ. ಆದರೆ ಮೂಲ ವರ್ಣನೆಯಲ್ಲಿ ಬಿರುಗಾಳಿ, ಮುಳುಗಿದ ಹಡಗು, ಉಕ್ಕಿದ ಸಮುದ್ರದ ಮಾತೇ ಇರುವುದರಿಂದ ಅದು ಚಂಡಮಾರುತವೇ ಇರಬೇಕೆಂಬ ವಾದ ಬಲವಾಗಿದೆ.

ಅನುಭವವನ್ನು ಕ್ರಮಬದ್ಧವಾಗಿ ದಾಖಲಿಸುವ ಕೆಲಸದಲ್ಲಿ ಜಪಾನ್ ಬಹಳ ಮುಂದಿದೆ. ಅಲ್ಲಿ ಕಂಪನವಾದ ಕೆಲವೇ ನಿಮಿಷಗಳಲ್ಲಿ ಟಿವಿಯ ಪರದೆಯಲ್ಲಿ ಮೊದಲು ಬರುವುದು ಊರೂರಿನ ತೀವ್ರತೆ. ಪರಿಮಾಣಕ್ಕೆ ಎರಡನೆಯ ಸ್ಥಾನ. ಶೂನ್ಯದಿಂದ ಏಳರವರೆಗಿನ ಆ ಮಾಪಕದಲ್ಲಿ ಐದು ಮತ್ತು ಆರನ್ನು ಎರಡೆರಡಾಗಿ ಒಡೆದು ಒಟ್ಟು ಹತ್ತು ಮೆಟ್ಟಿಲು ಮಾಡಿಕೊಂಡಿದ್ದಾರೆ. 1996ರವರೆಗೆ ವೀಕ್ಷಕರು ಮೈಗೆ ತಟ್ಟಿದ್ದನ್ನು ನೋಡಿ ನಿರ್ಧರಿಸುತ್ತಿದ್ದುದನ್ನು ಈಗ ದೇಶದಾದ್ಯಂತ ಹರಡಿದ ಸಾವಿರಾರು ಉಪಕರಣಗಳು ಮಾಡುತ್ತವೆ. ಎತ್ತರದ ಕಟ್ಟಡಗಳ ನಿಧಾನ ತೂಗಾಟಕ್ಕೆಂದೇ ನಾಲ್ಕು ದರ್ಜೆಗಳ ಪ್ರತ್ಯೇಕ ಮಾಪಕವೂ ಇದೆ. ನಮ್ಮಲ್ಲಿ ರಾಷ್ಟ್ರೀಯ ಭೂಕಂಪನ ಕೇಂದ್ರದ ಪ್ರಕಟಣೆ ಸಮಯ, ಪರಿಮಾಣ, ಆಳ, ಕೇಂದ್ರಬಿಂದುಗಳನ್ನು ಬೇಗನೆ ಕೊಡುತ್ತದೆ, ಮತ್ತು ಅದರ ಮೊಬೈಲ್ ಆ್ಯಪ್ ಕೂಡ ಇದೆ. ಆದರೆ ಘಾಟ್‌ಕೋಪರಿನಲ್ಲಿ ಎಷ್ಟು, ವಾಶಿಯಲ್ಲಿ ಎಷ್ಟು ಎಂಬ ವಿವರ ಸಾಮಾನ್ಯ ಓದುಗರ ಕೈಗೆ ಸಿಗುವುದಿಲ್ಲ. ಮುಂಬಯಿಯಂಥ ಬಗೆಬಗೆಯ ನೆಲದ ನಗರಕ್ಕೆ ಬೇಕಾದದ್ದು ಅದೇ. ಮಹಡಿಯ ಸಂಖ್ಯೆಯನ್ನೂ ಕಟ್ಟಡದ ಹೆಸರನ್ನೂ ಸೇರಿಸಿ ಬರೆದ ವಾಟ್ಸಾಪ್ ಸಂದೇಶವೊಂದು ಈ ಕೊರತೆಯನ್ನು ಎಷ್ಟೋ ತುಂಬಬಲ್ಲುದು, ಅದನ್ನು ಯಾರಾದರೂ ಸಂಗ್ರಹಿಸುವಂತಿದ್ದರೆ.

ಅನುಭವದಿಂದ ಹಾನಿಯ ಕಡೆಗೆ ಹೊರಳಿದರೆ ಮುಂಬಯಿಗೆ ಹತ್ತಿರದ ಪಾಠ ಅಹಮದಾಬಾದಿನದು. 2001ರ ಜನವರಿ 26ರ ಬೆಳಗ್ಗೆ 8 ಗಂಟೆ 46 ನಿಮಿಷಕ್ಕೆ ಕಛ್‌ನಲ್ಲಿ 7.7 ಪರಿಮಾಣದ ಕಂಪನವಾದಾಗ ಸುಮಾರು 550 ಕಿಲೋಮೀಟರ್ ದೂರದ ಮುಂಬಯಿಯಲ್ಲಿ ಎತ್ತರದ ಮನೆಗಳು ತೂಗಿದವು, ಅಷ್ಟೇ. ಅದರ ಅರ್ಧದಷ್ಟು ದೂರದ ಅಹಮದಾಬಾದಿನಲ್ಲಿ ಹತ್ತಾರು ಬಹುಮಹಡಿ ಕಟ್ಟಡಗಳು ಬಿದ್ದು ನೂರಾರು ಜನ ಸತ್ತರು. ಬಿದ್ದವುಗಳಲ್ಲಿ ಅನೇಕವು ನೆಲಮಟ್ಟದಲ್ಲಿ ಗೋಡೆಯಿಲ್ಲದೆ ಬರಿಯ ಕಂಬಗಳ ಮೇಲೆ, ವಾಹನ ನಿಲ್ಲಿಸಲೆಂದು ತೆರೆದಿಟ್ಟ ಜಾಗದ ಮೇಲೆ ನಿಂತಿದ್ದವು. ಜೊತೆಗೆ ಹಲವು ನದಿಯ ಹಳೆಯ ಮೆಕ್ಕಲುಮಣ್ಣಿನ ಮೇಲಿದ್ದವು. ಮೇಲಿನ ಮಹಡಿಗಳಲ್ಲಿ ಗೋಡೆಗಳಿರುವುದರಿಂದ ಅವು ಗಡುಸಾಗಿ ಒಂದೇ ಪೆಟ್ಟಿಗೆಯಾಗಿ ಚಲಿಸುತ್ತವೆ, ಬಾಗಿಸುವ ಒತ್ತಡವೆಲ್ಲ ಕೆಳಗಿನ ಕಂಬಗಳ ತುದಿಗಳಿಗೆ ಬೀಳುತ್ತದೆ. ನಾವು ಸ್ಟಿಲ್ಟ್ ಪಾರ್ಕಿಂಗ್ ಎಂದು ಕರೆಯುವ ಈ ರಚನೆ ಡೊಂಬಿವಲಿಯಿಂದ ಮೀರಾ ರೋಡಿನವರೆಗೆ ಎಲ್ಲೆಡೆ ಇದೆ. ಸರಿಯಾಗಿ ಲೆಕ್ಕ ಹಾಕಿ, ಕಂಬಗಳಲ್ಲಿ ಸಾಕಷ್ಟು ಕಬ್ಬಿಣದ ಬಳೆಗಳನ್ನು ಒತ್ತೊತ್ತಾಗಿ ಕಟ್ಟಿ, ಕೆಲವೆಡೆ ಕಾಂಕ್ರೀಟ್ ಗೋಡೆ ಕೊಟ್ಟರೆ ಅದು ಅಪಾಯಕಾರಿಯಲ್ಲ. 2001ಕ್ಕಿಂತ ಮೊದಲು ಕಟ್ಟಿದ ಎಷ್ಟರಲ್ಲಿ ಹಾಗೆ ಮಾಡಿದ್ದಾರೆಂಬುದನ್ನು ಕಟ್ಟಡ ಕಟ್ಟಡವಾಗಿ ನೋಡಿಯೇ ತಿಳಿಯಬೇಕು.

ಅದನ್ನು ನೋಡುವ ಸಂದರ್ಭ ನಿಯಮದಲ್ಲೇ ಇದೆ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಹದಿನೈದರಿಂದ ಮೂವತ್ತು ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆಯೂ, ಮೂವತ್ತು ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆಯೂ ಸೊಸೈಟಿ ಸ್ಟ್ರಕ್ಚರಲ್ ಆಡಿಟ್ (ಕಟ್ಟಡದ ಗಟ್ಟಿತನದ ತಪಾಸಣೆ) ಮಾಡಿಸಬೇಕು. ವಾರ್ಷಿಕ ಸಭೆಗಳಲ್ಲಿ ಈ ಆಡಿಟಿನ ಮಾತು ಸೋರಿಕೆ, ಗಿಲಾವು, ಬಣ್ಣಗಳ ಖರ್ಚಿನಲ್ಲೇ ಮುಗಿಯುತ್ತದೆ. ವರದಿಯಲ್ಲಿ ಬೇಸ್‌ಮೆಂಟಿನ ಕಂಬಗಳ ಕಬ್ಬಿಣಕ್ಕೆ ತುಕ್ಕು ಎಷ್ಟು ಹಿಡಿದಿದೆ ಎಂದಿರುತ್ತದೆ, ಆದರೆ ಅಡ್ಡ ಅಲುಗಾಟಕ್ಕೆ ಅವು ತಡೆಯುತ್ತವೆಯೇ ಎಂಬ ಪ್ರಶ್ನೆಯನ್ನು ಸದಸ್ಯರು ಕೇಳದಿದ್ದರೆ ಎಂಜಿನಿಯರರು ತಾವಾಗಿ ಉತ್ತರಿಸಬೇಕೆಂದೇನಿಲ್ಲ. ಉಪ್ಪುನೀರಿನ ಗಾಳಿಯ ಊರಿನಲ್ಲಿ ಎರಡೂ ಪ್ರಶ್ನೆಗಳು ಒಂದಕ್ಕೊಂದು ಸೇರಿಕೊಂಡಿವೆ: ತುಕ್ಕು ಮೊದಲು ತಿನ್ನುವುದು ಹೊರಗಿನ ಬಳೆಗಳನ್ನೇ.

ರೀಡೆವಲಪ್‌ಮೆಂಟಿಗೆ ಹೋದ ಸೊಸೈಟಿಗಳಲ್ಲಿ ನಾಲ್ಕು ಮಹಡಿಯ ಜಾಗದಲ್ಲಿ ಇಪ್ಪತ್ತೈದು, ನಲವತ್ತು ಮಹಡಿಗಳು ಏಳುತ್ತಿವೆ. ಭೂಕಂಪನ ತಾಳುವ ಕಟ್ಟಡಗಳ ಹೊಸ ಸಂಹಿತೆಯಂತೆ ಕಟ್ಟಿದರೆ ಇವು ಹಳೆಯವಕ್ಕಿಂತ ಹೆಚ್ಚು ಸುರಕ್ಷಿತವಾಗಿರುತ್ತವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಇವುಗಳ ತೂಗಾಟದ ಅವಧಿ ಎರಡರಿಂದ ನಾಲ್ಕು ಸೆಕೆಂಡು. ಕಛ್‌ನಿಂದಲೋ ಸಮುದ್ರದಾಚೆಯಿಂದಲೋ ಬರುವ ನಿಧಾನದ ಅಲೆಗಳ ಅವಧಿಯೂ ಅದೇ. ಅಪ್ಪ ಮಾಟುಂಗದ ಎರಡನೇ ಮಹಡಿಯಲ್ಲಿ 2001ರ ಕಂಪನವನ್ನು ಗಮನಿಸದೆ ಕಾಫಿ ಕುಡಿದಿದ್ದರೆ, ಅಂಥದೇ ಇನ್ನೊಂದು ಬಂದಾಗ ಅದೇ ವಿಳಾಸದ ಮೂವತ್ತನೇ ಮಹಡಿಯಲ್ಲಿರುವ ಮಗಳ ಮನೆಯ ತೂಗುದೀಪ ಒಂದೆರಡು ನಿಮಿಷ ಓಲಾಡುತ್ತದೆ, ಅಲಮಾರಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಲಿಫ್ಟು ನಿಂತುಹೋಗಿ ವಯಸ್ಸಾದವರು ಅಷ್ಟೂ ಮೆಟ್ಟಿಲು ಇಳಿಯಬೇಕಾಗುತ್ತದೆ. ಭೂಮಿಯ ವರ್ತನೆ ಬದಲಾಗದೆಯೇ ಮುಂಬಯಿಯಲ್ಲಿ ಅನುಭವಕ್ಕೆ ಬರುವ ಕಂಪನಗಳ ಸಂಖ್ಯೆ ಮುಂದಿನ ದಶಕಗಳಲ್ಲಿ ಹೆಚ್ಚಲಿದೆ. ಎತ್ತರದ ಕಟ್ಟಡಗಳ ಸೊಸೈಟಿಗಳು ಅಲಮಾರುಗಳನ್ನು ಗೋಡೆಗೆ ಬಿಗಿಯುವ, ಲಿಫ್ಟಿಗೆ ಕಂಪನ ಸಂವೇದಿ ಸ್ವಿಚ್ಚು ಹಾಕಿಸುವ, ತೂಗಾಟ ನಿಲ್ಲುವವರೆಗೆ ಮೆಟ್ಟಿಲ ಕಡೆಗೆ ನುಗ್ಗದೆ ಮೇಜಿನ ಕೆಳಗೆ ಕೂರುವ ಅಭ್ಯಾಸಗಳನ್ನು ಬೆಂಕಿಯ ಅಣಕು ಕವಾಯತಿನ ಜೊತೆಗೇ ಸೇರಿಸಿಕೊಳ್ಳಲು ಹೆಚ್ಚು ಖರ್ಚೂ ಆಗುವುದಿಲ್ಲ, ಯಾರ ಅನುಮತಿಯೂ ಬೇಕಾಗಿಲ್ಲ.